ಒಂದು ಸಣ್ಣ ಕೆಲಸ, ಒಂದು ಹಾಳೆ: ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ನಾನು ಕಲಿತ ಬಗೆ

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಎರಡೇ. ದಪ್ಪ ಪುಸ್ತಕ ಓದಿ ಅನ್ನುತ್ತಾರೆ, ಇಲ್ಲವೇ ಇಂಥ ಸಾಫ್ಟ್‌ವೇರ್ ಕಲಿಯಿರಿ ಅನ್ನುತ್ತಾರೆ. ನಾನು ಎರಡನ್ನೂ ಪಕ್ಕಕ್ಕಿಟ್ಟು ಒಂದು ಸಣ್ಣ ಕೆಲಸ, ಒಂದು ಹಾಳೆ, ಒಂದು ಪೆನ್ಸಿಲ್ ಹಿಡಿದು ಕುಳಿತೆ. ಪುಸ್ತಕ ಓದಿದ್ದು ಆಮೇಲೆ. ಯಾರಾದರೂ ಕೇಳಿದರೆ ಈಗಲೂ ಇದೇ ದಾರಿ ಹೇಳುತ್ತೇನೆ.

ಪುಸ್ತಕದ ಮೇಲೆ ನನಗೆ ಸಿಟ್ಟೇನೂ ಇಲ್ಲ. ಆದರೆ 1969ರಲ್ಲಿ ಹುಟ್ಟಿದ ಪಿಎಂಐ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್) ಸಂಸ್ಥೆಯ ಪಿಎಂಬಾಕ್ ಗೈಡ್, ಅಂದರೆ ಈ ವಿದ್ಯೆಯ ದಪ್ಪ ಕೈಪುಸ್ತಕ, ತೆರೆದು ನೋಡಿ. 2017ರ ಆರನೇ ಆವೃತ್ತಿಯಲ್ಲಿ 10 ಜ್ಞಾನ ಕ್ಷೇತ್ರ, 49 ಪ್ರಕ್ರಿಯೆ. 2021ರ ಏಳನೇ ಆವೃತ್ತಿಗೆ ಬಂದರೆ ಪುಸ್ತಕದ ಜೋಡಣೆಯೇ ಬೇರೆ, 12 ತತ್ವಗಳ ಸುತ್ತ ಹೊಸದಾಗಿ ಕಟ್ಟಿದ್ದಾರೆ. 49ನ್ನೂ ಬಾಯಿಪಾಠ ಮಾಡಿ ಕೂತವರಿಗೆ ಹೇಗನ್ನಿಸಿರಬೇಡ! ಇದೆಲ್ಲ ಕೆಲಸ ಮಾಡಿ ಪಳಗಿದವರಿಗೆ ಸರಿ. ಹೊಸಬರಿಗೆ ಮೊದಲು ಬೇಕಾದದ್ದು ಒಂದೇ ಪ್ರಶ್ನೆ: ಯಾವ ಕೆಲಸ ಯಾವುದಕ್ಕಾಗಿ ಕಾಯುತ್ತಿದೆ? ಇದಕ್ಕೆ ಉತ್ತರ ಬರೆಯಲು ಬಂದರೆ ಉಳಿದದ್ದರಲ್ಲಿ ಮುಕ್ಕಾಲು ಪಾಲು ತಾನಾಗಿ ಹಿಂದೆ ಬರುತ್ತದೆ.

ನಾನು ಆರಿಸಿಕೊಂಡದ್ದು ತೀರಾ ಸಾಧಾರಣ ಕೆಲಸ. ಹೊಸದಾಗಿ ಸೇರುವವರಿಗೆ ಒಂದು ಕೈಪಿಡಿ ಮಾಡಿಸಬೇಕಿತ್ತು. ಅದನ್ನೇ ಯಾಕೆ ಹಿಡಿದೆ ಅಂದರೆ, ಅದರಲ್ಲಿ ಬೇರೆಯವರೂ ಇದ್ದರು, ಕೊನೆಯ ತಾರೀಕೂ ಇತ್ತು. ಒಬ್ಬರೇ ಕೂತು ಮುಗಿಸುವ ಕೆಲಸದಲ್ಲಿ ಇದನ್ನು ಕಲಿಯಲು ಆಗುವುದಿಲ್ಲ. ಇನ್ನೊಬ್ಬರ ಕೈಯಿಂದ ಏನೋ ಬರಬೇಕು, ಅದು ಬರುವವರೆಗೆ ನಿಮ್ಮ ಕೆಲಸ ನಿಲ್ಲಬೇಕು. ಆಗಲೇ ವಿಷಯ ಅರ್ಥವಾಗುವುದು.

ಮೊದಲು ಹಾಳೆಯ ತಲೆಯ ಮೇಲೆ, ಕೆಲಸ ಮುಗಿಯಿತು ಅಂದರೆ ಕೈಯಲ್ಲಿ ಏನಿರಬೇಕು ಎಂದು ಬರೆದೆ. 12 ಅಧ್ಯಾಯ, ಫೋಟೋ ಸಮೇತ, ವಿಭಾಗದ ಮುಖ್ಯಸ್ಥರ ಒಪ್ಪಿಗೆ ಆಗಿ, ಪ್ರಿಂಟ್ ಆಗಿ ಬಂದ ಪ್ರತಿಗಳು. ಅದರ ಕೆಳಗೆ ಏನೇನು ಇರುವುದಿಲ್ಲ ಅನ್ನುವುದನ್ನೂ ಬರೆದೆ. ವಿಡಿಯೋ ಇಲ್ಲ. ಬೇರೆ ಭಾಷೆಯ ಆವೃತ್ತಿ ಇಲ್ಲ. ಹಳೆಯ ನಿಯಮಗಳ ಪರಿಷ್ಕರಣೆ ಇಲ್ಲ. ನನ್ನ ಕೇಳಿದರೆ ಈ ‘ಇಲ್ಲ’ಗಳ ಪಟ್ಟಿಯೇ ಜಾಸ್ತಿ ಕೆಲಸಕ್ಕೆ ಬರುವುದು. ಮಧ್ಯದಲ್ಲಿ ಯಾರೋ ಬಂದು "ಹೇಗೂ ಮಾಡ್ತಿದೀರಲ್ಲ, ಒಂದು ಚಿಕ್ಕ ವಿಡಿಯೋನೂ ಮಾಡಿಬಿಡಿ" ಅನ್ನುತ್ತಾರೆ. ಆಗ ವಾದ ಮಾಡಬೇಕಾಗಿಲ್ಲ, ಹಾಳೆ ತೋರಿಸಿದರೆ ಸಾಕು. ಬೇಕೇ ಬೇಕು ಅಂದರೆ ಮಾಡೋಣ, ಆದರೆ ತಾರೀಕು ಎಷ್ಟು ಮುಂದೆ ಹೋಗುತ್ತದೆ ಎಂದು ಅಲ್ಲೇ ಹೇಳಬಹುದು.

ಈ ಹೆಜ್ಜೆ ತಪ್ಪಿದರೆ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಸಿಡ್ನಿ ಒಪೆರಾ ಹೌಸ್ ನೋಡಿ. ಛಾವಣಿಯ ಚಿಪ್ಪುಗಳನ್ನು ಹೇಗೆ ಕಟ್ಟುವುದು ಎಂಬುದೇ ತೀರ್ಮಾನವಾಗಿರಲಿಲ್ಲ, 1959ರಲ್ಲಿ ಕಟ್ಟಡದ ಕೆಲಸ ಶುರುವಾಗಿಬಿಟ್ಟಿತು. 1963ಕ್ಕೆ ಮುಗಿಯಬೇಕಿದ್ದದ್ದು ಉದ್ಘಾಟನೆಯಾದದ್ದು 1973ರಲ್ಲಿ. ಸುಮಾರು 70 ಲಕ್ಷ ಆಸ್ಟ್ರೇಲಿಯನ್ ಡಾಲರ್ ಎಂದು ಹಾಕಿದ ಅಂದಾಜು 10 ಕೋಟಿ 20 ಲಕ್ಷಕ್ಕೆ ಮುಟ್ಟಿತು. ಕಟ್ಟಡ ಈಗ ಜಗತ್ಪ್ರಸಿದ್ಧ, ಅದು ಬೇರೆ ಮಾತು. ನಮ್ಮ ಕೈಪಿಡಿಗೆ ಆ ಭಾಗ್ಯ ಇರಲಿಲ್ಲ.

ಆಮೇಲೆ ಕೆಲಸವನ್ನು ತುಂಡು ಮಾಡಿದೆ. ಇಲ್ಲಿ ಒಂದು ಸಣ್ಣ ಉಪಾಯವಿದೆ. ತುಂಡಿಗೆ ಹೆಸರಿಡುವಾಗ ಏನು ಮಾಡುತ್ತೀರಿ ಅನ್ನುವುದಕ್ಕಿಂತ ಏನು ಕೈಗೆ ಬರುತ್ತದೆ ಎಂದು ಬರೆಯಿರಿ. ‘ಬರೆಯುವುದು’ ಎಂದರೆ ಎಲ್ಲಿ ಮುಗಿಯುತ್ತದೆ? ಗೊತ್ತಿಲ್ಲ. ‘ಪುಟ ಕಟ್ಟಲು ಕೊಡಬಹುದಾದ 12 ಅಧ್ಯಾಯ’ ಎಂದರೆ ಮುಗಿದಿದೆಯೋ ಇಲ್ಲವೋ ಯಾರು ಬೇಕಾದರೂ ಹೇಳಬಹುದು. ಪುಸ್ತಕದಲ್ಲಿ ಇದಕ್ಕೆ ವರ್ಕ್ ಬ್ರೇಕ್‌ಡೌನ್ ಸ್ಟ್ರಕ್ಚರ್ ಎಂಬ ದೊಡ್ಡ ಹೆಸರಿದೆ. ಹೆಸರಿಗೆ ಹೆದರಬೇಡಿ.

ಒಂದೊಂದು ತುಂಡನ್ನೂ ಒಂದೊಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಹರಡಿದೆ. ಪ್ರತಿ ಚೀಟಿ ಎತ್ತಿ ಅದೇ ಪ್ರಶ್ನೆ ಕೇಳಿದೆ: ಇದು ಶುರುವಾಗಲು ಮೊದಲು ಯಾವುದು ಮುಗಿದಿರಬೇಕು? ವಿಷಯಪಟ್ಟಿ ಯಾವುದಕ್ಕೂ ಕಾಯುವುದಿಲ್ಲ. ಬರವಣಿಗೆ, ಫೋಟೋ, ಮುಖಪುಟ ಮೂರೂ ವಿಷಯಪಟ್ಟಿಗೆ ಕಾಯುತ್ತವೆ. ಪುಟವಿನ್ಯಾಸಕ್ಕೆ ಬರವಣಿಗೆಯೂ ಬೇಕು, ಫೋಟೋನೂ ಬೇಕು. ಆಮೇಲೆ ಪ್ರೂಫ್. ಪ್ರೂಫ್ ಆದ ಪುಟ, ಮುಖಪುಟ ಎರಡೂ ಕೈಗೆ ಬಂದ ಮೇಲೆ ಮುಖ್ಯಸ್ಥರ ಒಪ್ಪಿಗೆ, ಕೊನೆಗೆ ಪ್ರಿಂಟ್. ಚೀಟಿಗಳ ಮಧ್ಯೆ ಬಾಣ ಎಳೆದೆ.

ಈಗ ದಿನಗಳು. ವಿಷಯಪಟ್ಟಿ 2, ಫೋಟೋ 4, ಮುಖಪುಟ 3, ಪುಟವಿನ್ಯಾಸ 4, ಪ್ರೂಫ್ 3, ಒಪ್ಪಿಗೆ 3, ಪ್ರಿಂಟ್ 5. ಒಪ್ಪಿಗೆಗೆ 3 ದಿನವಾ ಎಂದು ಕೇಳಬಹುದು. ಓದಿ ಸಹಿ ಹಾಕಲು ಎರಡು ಗಂಟೆ ಸಾಕು ನಿಜ. ಆದರೆ ಫೈಲು ಅವರ ಮೇಜಿನ ಮೇಲೆ ಕೂರುತ್ತದಲ್ಲ, ಆ ದಿನಗಳೂ ಲೆಕ್ಕಕ್ಕೆ ಬರಬೇಕು. ಕೆಲಸಕ್ಕೆ ಹಿಡಿಯುವ ಹೊತ್ತು ಬೇರೆ, ಕ್ಯಾಲೆಂಡರಿನಲ್ಲಿ ಕಳೆಯುವ ದಿನ ಬೇರೆ. ತಾರೀಕು ಹಾರುವುದು ಎರಡನೆಯದರಿಂದಲೇ ಜಾಸ್ತಿ.

ಬರವಣಿಗೆಗೆ ಎಷ್ಟು ದಿನ ಹಾಕುವುದು ಎಂಬುದೇ ಕಷ್ಟದ್ದು. ಬರೆಯುವವರನ್ನೇ ಕೇಳಿದೆ.

"ಎಷ್ಟು ದಿನ ಬೇಕಾಗಬಹುದು ಮೇಡಂ?"

"ಒಂಬತ್ತು ದಿನ ಸಾಕು."

"ಎಲ್ಲಾ ಸಲೀಸಾಗಿ ನಡೆದರೆ?"

"ಏಳಕ್ಕೇ ಕೊಟ್ಟುಬಿಡ್ತೀನಿ."

"ಮಧ್ಯೆ ಬೇರೆ ಕೆಲಸ ಬಂತು, ಮಾಹಿತಿ ಕೊಡಬೇಕಾದವರು ರಜೆ ಹಾಕಿದರು ಅಂದ್ಕೊಳ್ಳಿ?"

"ಅಯ್ಯೋ, ಹಾಗಾದ್ರೆ ಹದಿನೇಳು ಆದ್ರೂ ಆಯ್ತು."

ಮೂರು ಸಂಖ್ಯೆ ಸಿಕ್ಕಿತು. ಮಧ್ಯದ್ದನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಬೇಕು. 7, 36, 17 ಸೇರಿ 60. ಆರರಿಂದ ಭಾಗಿಸಿದರೆ 10 ದಿನ. ಇದು ಅಮೆರಿಕದ ನೌಕಾಪಡೆ 1958ರ ಸುಮಾರಿಗೆ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ ರೂಪಿಸಿದ ಪರ್ಟ್ ವಿಧಾನದ ಲೆಕ್ಕ. ಸೂತ್ರಕ್ಕಿಂತ ನನಗೆ ಹಿಡಿಸಿದ್ದು ಮೂರನೇ ಪ್ರಶ್ನೆ. ಸುಮ್ನೆ "ಎಷ್ಟು ದಿನ" ಎಂದರೆ ಜನ ಎಲ್ಲ ಸರಿ ಹೋಗುತ್ತದೆ ಎಂದುಕೊಂಡೇ ಉತ್ತರ ಕೊಡುತ್ತಾರೆ. ಕಾನೆಮನ್ ಮತ್ತು ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಈ ಗುಣಕ್ಕೆ ಪ್ಲಾನಿಂಗ್ ಫ್ಯಾಲಸಿ ಎಂದು ಹೆಸರಿಟ್ಟಿದ್ದರು. ಏನು ಕೆಡಬಹುದು ಎಂದು ಕೇಳಿದಾಗ ರಜೆಯ ವಿಷಯ, ಬೇರೆ ಕೆಲಸದ ವಿಷಯ ಹೊರಗೆ ಬರುತ್ತದೆ. ನನಗೆ ಬೇಕಾಗಿದ್ದ ಮಾಹಿತಿ ಅದೇ.

ಈಗ ಬಾಣಗಳ ಮೇಲೆ ಬೆರಳಿಟ್ಟು ಕೂಡುತ್ತಾ ಹೋದೆ. ಎಲ್ಲ ಚೀಟಿಗಳ ದಿನ ಸುಮ್ನೆ ಕೂಡಿದರೆ 34. ಆದರೆ ಮೂರು ಕೆಲಸ ಜೊತೆಜೊತೆಗೆ ನಡೆಯುತ್ತವಲ್ಲ. ವಿಷಯಪಟ್ಟಿ, ಬರವಣಿಗೆ, ಪುಟವಿನ್ಯಾಸ, ಪ್ರೂಫ್, ಒಪ್ಪಿಗೆ, ಪ್ರಿಂಟ್ ಎಂದು ಹೋದರೆ 27 ದಿನ. ಬರವಣಿಗೆ ಬಿಟ್ಟು ಫೋಟೋದ ದಾರಿ ಹಿಡಿದರೆ 21. ಮುಖಪುಟದ ದಾರಿಯಲ್ಲಿ 13. ಅತಿ ಉದ್ದದ ದಾರಿ ಯಾವುದೋ ಕೆಲಸ ಮುಗಿಯುವುದು ಅದರ ಪ್ರಕಾರ. ಅಂದರೆ 27 ದಿನ. ಇದೇ ಕ್ರಿಟಿಕಲ್ ಪಾತ್. 1950ರ ದಶಕದ ಕೊನೆಯಲ್ಲಿ ಡ್ಯುಪಾಂಟ್ ಮತ್ತು ರೆಮಿಂಗ್ಟನ್ ರಾಂಡ್ ಕಂಪನಿಗಳ ಜನ ಸೇರಿ ಕಾರ್ಖಾನೆ ಕೆಲಸಗಳಿಗಾಗಿ ಇದನ್ನು ಕಂಪ್ಯೂಟರಿನಲ್ಲಿ ಮಾಡಿದ್ದರು. ಎಂಟು ಚೀಟಿಗೆ ಬೆರಳೇ ಸಾಕು.

ಈ ಲೆಕ್ಕ ಕೈಯಾರೆ ಮಾಡಿದ್ದರಿಂದ ನನ್ನ ತಲೆಯಲ್ಲಿ ಒಂದು ವಿಷಯ ಗಟ್ಟಿಯಾಗಿ ಕೂತಿತು. ಫೋಟೋದವರಿಗೆ 6 ದಿನ ಬಿಡುವಿದೆ, ಮುಖಪುಟದವರಿಗೆ 14 ದಿನ. ಇದಕ್ಕೆ ಫ್ಲೋಟ್ ಎನ್ನುತ್ತಾರೆ. ಫೋಟೋ ಎರಡು ದಿನ ತಡವಾದರೆ ನಾನು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಬರವಣಿಗೆ ಒಂದು ದಿನ ತಡವಾದರೆ ಇಡೀ ಕೈಪಿಡಿ ಒಂದು ದಿನ ತಡ. ಎಲ್ಲರ ಹಿಂದೆಯೂ ಒಂದೇ ಸಮನೆ ಬೀಳುವ ಮ್ಯಾನೇಜರುಗಳನ್ನು ನೀವೂ ನೋಡಿರುತ್ತೀರಿ. ಎಲ್ಲಿ ಬಿಡುವಿದೆ ಎಂದು ಗೊತ್ತಿಲ್ಲದಿದ್ದರೆ ಮತ್ತಿನ್ನೇನು ಮಾಡುತ್ತಾರೆ ಪಾಪ.

ತಾರೀಕು ಹಿಂದಕ್ಕೆ ತರಬೇಕು ಅಂದಾಗ ಎಲ್ಲಿ ಕೈ ಹಾಕಬೇಕು ಅನ್ನುವುದೂ ಇದರಿಂದಲೇ ಗೊತ್ತಾಗುತ್ತದೆ. ಮುಖಪುಟವನ್ನು ಮೂರರ ಬದಲು ಒಂದೇ ದಿನಕ್ಕೆ ಮುಗಿಸಿದರೂ ಪ್ರಯೋಜನವಿಲ್ಲ, ಕೆಲಸ ಮುಗಿಯುವುದು 27ಕ್ಕೇ. ಬರವಣಿಗೆಯನ್ನು ಹಂಚಿದರೆ ಉಪಯೋಗ ಉಂಟು. ಆದರೆ ಇಬ್ಬರು ಬರೆದರೆ 5 ದಿನ, ಹತ್ತು ಜನ ಬರೆದರೆ ಒಂದು ದಿನ ಎಂದು ಲೆಕ್ಕ ಹಾಕಬೇಡಿ. ಮೂರು ಜನರ ತಂಡದಲ್ಲಿ ಪರಸ್ಪರ ಮಾತಾಡಬೇಕಾದ ಜೋಡಿಗಳು 3. ಆರು ಜನಕ್ಕೆ 15. ಹತ್ತು ಜನಕ್ಕೆ 45. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು ಸಾಫ್ಟ್‌ವೇರ್ ತಜ್ಞ ಫ್ರೆಡ್ ಬ್ರೂಕ್ಸ್ 1975ರಲ್ಲಿ ಬರೆದದ್ದು ಈ ಕಾರಣಕ್ಕೇ. ಕೈಪಿಡಿಗೂ ಅದು ಹೊಂದುತ್ತದೆ. ಹೊಸಬರಿಗೆ ಹಳಬರೇ ಹೇಳಿಕೊಡಬೇಕು, ಆ ಹೊತ್ತಿನಲ್ಲಿ ಹಳಬರ ಬರವಣಿಗೆ ನಿಲ್ಲುತ್ತದೆ. ನಾವು ಒಬ್ಬರನ್ನೇ ಸೇರಿಸಿದೆವು, ಅದೂ ಶುರುವಿನಲ್ಲೇ.

ಗ್ಯಾಂಟ್ ಚಾರ್ಟ್ ಎಂಬ ಅಡ್ಡಪಟ್ಟಿಗಳ ಚಿತ್ರ ಎಲ್ಲರೂ ನೋಡಿರುವುದೇ. ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಅದನ್ನು ಬಳಕೆಗೆ ತಂದವರು. ಅದನ್ನು ಕೊನೆಗೆ ಬರೆದೆ, ಬೇರೆಯವರಿಗೆ ತೋರಿಸಲು ಚೆನ್ನಾಗಿದೆ ಎಂದು. ಬಾಣಗಳಿಲ್ಲದೆ ನೇರ ಪಟ್ಟಿ ಎಳೆದರೆ ಅದು ಬಣ್ಣದ ಕ್ಯಾಲೆಂಡರ್ ಅಷ್ಟೇ.

ಕೆಲಸ ನಡೆಯುತ್ತಿರುವಾಗ ಎಲ್ಲಿಗೆ ಬಂತು ಎಂದು ತಿಳಿಯುವುದೇ ದೊಡ್ಡ ಪಾಡು. "ಎಷ್ಟಾಯ್ತು?" ಎಂದರೆ "ಶೇಕಡಾ 90 ಆಗಿದೆ ಸರ್" ಎಂಬ ಉತ್ತರ ರೆಡಿ ಇರುತ್ತದೆ. ಮುಂದಿನ ವಾರ ಕೇಳಿದರೂ 90. ಯಾರೂ ಸುಳ್ಳು ಹೇಳುತ್ತಿಲ್ಲ, ಉಳಿದ ಹತ್ತು ಎಷ್ಟು ಉದ್ದ ಎಂದು ಅವರಿಗೂ ಗೊತ್ತಿರುವುದಿಲ್ಲ. ಅದಕ್ಕೆ ನಾನು ಶೇಕಡಾ ಲೆಕ್ಕ ಕೇಳುವುದನ್ನೇ ಬಿಟ್ಟೆ. ಅಧ್ಯಾಯ ಪೂರ್ತಿ ಕೈಗೆ ಬಂದಿದೆಯಾ? ಬಂದಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಅರ್ಧಕ್ಕೆ ಅಂಕ ಇಲ್ಲ. ಇವತ್ತಿಗೆ 6 ಅಧ್ಯಾಯ ಬಂದಿರಬೇಕಿತ್ತು, 4 ಬಂದಿವೆ ಅಂದರೆ 4ನ್ನು 6ರಿಂದ ಭಾಗಿಸಿ. 0.67. ಇದೇ ವೇಗದಲ್ಲಿ ಹೋದರೆ 10 ದಿನದ ಬರವಣಿಗೆ 15 ದಿನ ಹಿಡಿಯುತ್ತದೆ. ಅರ್ನ್ಡ್ ವ್ಯಾಲ್ಯೂ ಎಂದು ಪುಸ್ತಕದಲ್ಲಿ ಪುಟಗಟ್ಟಲೆ ಬರುವ ವಿಷಯದ ತಿರುಳು ಇಷ್ಟೇ. ಅಲ್ಲಿ ಅಧ್ಯಾಯದ ಬದಲು ಹಣದಲ್ಲಿ ಎಣಿಸುತ್ತಾರೆ.

ಅಪಾಯಗಳ ಪಟ್ಟಿ ಮಾಡಲು ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಹೇಳಿದ ಪ್ರಿಮಾರ್ಟಮ್ ಉಪಾಯ ಬಳಸಿದೆ, ಅಂದರೆ ಕೆಲಸ ಕೆಟ್ಟೇ ಹೋಯಿತು ಎಂದುಕೊಂಡು ಕಾರಣ ಹುಡುಕುವುದು. ಎಲ್ಲರನ್ನೂ ಕೂರಿಸಿ, "ಕೊನೆಯ ತಾರೀಕು ಬಂತು, ಕೈಪಿಡಿ ಬಂದಿಲ್ಲ. ಯಾಕೆ ಅಂತ ಒಂದೊಂದು ಕಾರಣ ಬರೀರಿ" ಎಂದೆ. ಏನು ತೊಂದರೆ ಬರಬಹುದು ಎಂದರೆ ಸುಮ್ಮನೆ ಕೂರುವವರೂ ಹೀಗೆ ಕೇಳಿದಾಗ ಬರೆಯುತ್ತಾರೆ. ಆಗಿಹೋದದ್ದರ ಬಗ್ಗೆ ಮಾತಾಡುವಾಗ ಸಂಕೋಚ ಕಡಿಮೆ ಅಲ್ವಾ? ಮುಖ್ಯಸ್ಥರು ಪ್ರವಾಸ ಹೋಗುತ್ತಾರೆ ಎಂದು ನನಗೆ ಗೊತ್ತಾದದ್ದು ಅಂಥ ಒಂದು ಚೀಟಿಯಿಂದ. ಪ್ರತಿ ಅಪಾಯದ ಮುಂದೆ ಒಬ್ಬರ ಹೆಸರು ಬರೆದೆವು. ‘ತಂಡ ನೋಡಿಕೊಳ್ಳುತ್ತದೆ’ ಎಂದು ಬರೆದರೆ ಯಾರೂ ನೋಡಿಕೊಳ್ಳುವುದಿಲ್ಲ.

ಸಾಫ್ಟ್‌ವೇರ್? ಚೀಟಿ, ಬಾಣ ಇಲ್ಲದೆ ಅದಕ್ಕೆ ಕೈ ಹಾಕುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಎಂಟು ಸಾಲಿಗೆ ಸಾಮಾನ್ಯ ಸ್ಪ್ರೆಡ್‌ಶೀಟ್ ಧಾರಾಳವಾಯಿತು. ನಾನು ಮಾಡಿದ ಒಂದೇ ವಿಶೇಷ, ಅಂದಾಜು ದಿನದ ಪಕ್ಕದಲ್ಲಿ ನಿಜವಾಗಿ ಹಿಡಿದ ದಿನಕ್ಕೂ ಒಂದು ಕಾಲಂ ಇಟ್ಟದ್ದು. ಮುಂದಿನ ಕೆಲಸದ ಅಂದಾಜು ಹಾಕುವಾಗ ಆ ಕಾಲಮ್ಮಿಗಿಂತ ಒಳ್ಳೆಯ ಪುಸ್ತಕ ನನಗೆ ಸಿಕ್ಕಿಲ್ಲ.

ಕೆಲಸವನ್ನು ಸಣ್ಣ ಸಣ್ಣ ಸುತ್ತುಗಳಲ್ಲಿ ಮಾಡಿ, ತೋರಿಸಿ, ತಿದ್ದುತ್ತಾ ಹೋಗುವ ಅಜೈಲ್ ವಿಧಾನ ಮೊದಲು ಕಲಿಯಬೇಕಾ ಎಂದು ತುಂಬಾ ಜನ ಕೇಳುತ್ತಾರೆ. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಸಾಫ್ಟ್‌ವೇರ್ ತಜ್ಞರು ಸೇರಿ ಅಜೈಲ್ ಪ್ರಣಾಳಿಕೆ ಬರೆದರು. ಕೊನೆಗೆ ಏನು ಬೇಕು ಎಂಬುದೇ ದಾರಿಯಲ್ಲಿ ಗೊತ್ತಾಗುವ ಕೆಲಸಗಳಿಗೆ ಅದು ಸರಿಯಾದ ದಾರಿ. ಕೈಪಿಡಿಯಂಥದ್ದರಲ್ಲಿ ಏನು ಬೇಕೆಂದು ಮೊದಲೇ ಗೊತ್ತಿತ್ತು. ಆದ್ದರಿಂದ ಬಾಣಗಳನ್ನು ಮೊದಲು ಕಲಿತೆ. ಆದರೂ ಮಾಡಬೇಕಾದದ್ದು, ನಡೆಯುತ್ತಿರುವುದು, ಮುಗಿದದ್ದು ಎಂಬ ಮೂರು ಕಾಲಮ್ಮಿನ ಕಾನ್‌ಬಾನ್ ಬೋರ್ಡನ್ನು ಅಧ್ಯಾಯಗಳಿಗೆ ಬಳಸಿದೆ. ಮಧ್ಯದ ಕಾಲಮ್ಮಿನಲ್ಲಿ ಏಕಕಾಲಕ್ಕೆ ಎರಡಕ್ಕಿಂತ ಜಾಸ್ತಿ ಅಧ್ಯಾಯ ಇರಕೂಡದು ಎಂಬ ಕಟ್ಟಳೆಯೊಂದಿಗೆ.

ಇಷ್ಟಾದ ಮೇಲೆ ಪಿಎಂಬಾಕ್ ತೆರೆದೆ. ಆಗ ಅದು ನಿಘಂಟಿನ ಹಾಗೆ ಓದಿಸಿಕೊಂಡಿತು, ಮಾಡಿ ಗೊತ್ತಿದ್ದ ಕೆಲಸಗಳಿಗೆ ಅಲ್ಲಿ ಹೆಸರು ಸಿಕ್ಕಿತು. ಸರ್ಟಿಫಿಕೇಟ್ ಬೇಕು ಅನ್ನುವವರಿಗೆ ಒಂದು ಮಾತು: ಪಿಎಂಐ ನಡೆಸುವ ಪಿಎಂಪಿ ಪರೀಕ್ಷೆಗೆ ಅರ್ಜಿ ಹಾಕಲು ಪ್ರಾಜೆಕ್ಟ್ ನಡೆಸಿದ ವರ್ಷಗಳ ಅನುಭವ ತೋರಿಸಬೇಕು. ಅನುಭವ ಇಲ್ಲದವರಿಗೆ ಅದೇ ಸಂಸ್ಥೆಯ ಸಿಎಪಿಎಂ ಎಂಬ ಆರಂಭಿಕ ಪರೀಕ್ಷೆ ಇದೆ.

ಕೈಪಿಡಿಯಲ್ಲಿ ನನಗೆ ಕಲಿಯಲು ಸಿಗದೇ ಉಳಿದದ್ದು ಹಣದ ಲೆಕ್ಕ ಮತ್ತು ಹೊರಗಿನವರ ಜೊತೆಗಿನ ಕರಾರು. ಹಾಗಾಗಿ ಎರಡನೇ ಕೆಲಸ ಆರಿಸುವಾಗ ಬಜೆಟ್ ಇರುವ, ಕನಿಷ್ಠ ಒಬ್ಬರಾದರೂ ಗುತ್ತಿಗೆದಾರರು ಇರುವ ಕೆಲಸವನ್ನೇ ಕೇಳಿ ತೆಗೆದುಕೊಂಡೆ. ನೀವೂ ಹಾಗೇ ಮಾಡಿ. ಎರಡನೆಯದು ಮೊದಲಿನಷ್ಟೇ ಸಣ್ಣದಾಗಿದ್ದರೂ ಅಡ್ಡಿಯಿಲ್ಲ.