ಎರಡು ಭಾಷೆ ಬಲ್ಲ ಮಿದುಳಿನ ಕೆಲಸವನ್ನು ನೀವೇ ನೋಡುವುದು ಹೇಗೆ

ಎರಡು ಭಾಷೆ ಬಲ್ಲವರು ಒಂದರಲ್ಲಿ ಮಾತಾಡುವಾಗ ಇನ್ನೊಂದು ಸುಮ್ನೆ ಮಲಗಿರುವುದಿಲ್ಲ. ಎರಡೂ ಎಚ್ಚರವಾಗಿರುತ್ತವೆ. ಬೇಡದ್ದನ್ನು ತಡೆದು ಬೇಕಾದ ಪದವನ್ನು ನಾಲಿಗೆಗೆ ತರಲು ಹಣೆಯ ಹಿಂದಿನ ಪ್ರೀಫ್ರಂಟಲ್ ಭಾಗ, ಆಂಟೀರಿಯರ್ ಸಿಂಗ್ಯುಲೇಟ್, ಆಳದಲ್ಲಿರುವ ಕಾಡೇಟ್ ಎಂಬ ಮಿದುಳಿನ ಭಾಗಗಳೆಲ್ಲವೂ ದುಡಿಯುತ್ತವೆ.

ದಿನಬಳಕೆಯ ವಸ್ತುಗಳ 20 ಚಿತ್ರ ತಗೊಳ್ಳಿ. ಅರ್ಧಕ್ಕೆ ಕೆಂಪು ಚುಕ್ಕಿ, ಅರ್ಧಕ್ಕೆ ನೀಲಿ ಚುಕ್ಕಿ ಇಟ್ಟು ಕಲೆಸಿ. ಕೆಂಪು ಬಂದರೆ ಮನೆಮಾತಲ್ಲಿ, ನೀಲಿ ಬಂದರೆ ಎರಡನೇ ಭಾಷೆಯಲ್ಲಿ ಬೇಗ ಬೇಗ ಹೆಸರು ಹೇಳಿ. ಬಣ್ಣ ಬದಲಾದ ಕಡೆ ನಾಲಿಗೆ ಒಂದು ಕ್ಷಣ ತಡವರಿಸುತ್ತದೆ, ಅಲ್ವಾ? 1999ರಲ್ಲಿ ಮ್ಯೂಟರ್ ಮತ್ತು ಆಲ್‌ಪೋರ್ಟ್ ಎಂಬ ಸಂಶೋಧಕರು ಹೀಗೇ ಅಂಕಿಗಳನ್ನು ಹೇಳಿಸಿದಾಗ, ಸಲೀಸಾಗಿ ಬರುವ ಭಾಷೆಗೆ ಮರಳುವಾಗಲೇ ಜಾಸ್ತಿ ತಡವಾಗಿತ್ತು. ಅದನ್ನು ಬಲವಾಗಿ ಅದುಮಿಟ್ಟಿದ್ದರಿಂದ ಮತ್ತೆ ಎಬ್ಬಿಸಲು ಹೊತ್ತು ಬೇಕು ಎಂಬುದು ಅವರ ವಿವರಣೆ. ನನಗಂತೂ ಇದು ತುಂಬಾ ಚೆಂದದ ವಿಷಯ.

ಆದರೆ ಈ ಆಟದಿಂದಲೇ ಬುದ್ಧಿ ಚುರುಕಾಗುತ್ತದೆ ಅಂತ ನಂಬಬೇಡಿ. ಎರಡು ಭಾಷೆ ಬಲ್ಲವರಿಗೆ ಗಮನಶಕ್ತಿ ಹೆಚ್ಚುತ್ತದೆಯೇ ಎಂಬ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. 2007ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞೆ ಎಲೆನ್ ಬಿಯಾಲಿಸ್ಟಾಕ್ ತಂಡದ ಅಧ್ಯಯನದಲ್ಲಿ ಮರೆವಿನ ಕಾಯಿಲೆಯ ಲಕ್ಷಣಗಳು ದ್ವಿಭಾಷಿಗಳಲ್ಲಿ ಸುಮಾರು 4 ವರ್ಷ ತಡವಾಗಿ ಕಂಡಿದ್ದವು, ಆದರೆ ಅವರು ಬದುಕಿನ ಬಹುಪಾಲು ಎರಡನ್ನೂ ಬಳಸಿದವರು. ಹಾಗಾಗಿ ಎರಡನೇ ಭಾಷೆಗೆ ದಿನವೂ ನಿಜವಾದ ಕೆಲಸ ಕೊಡಿ: ಹರಟೆ, ವಾದ, ಲೆಕ್ಕ, ಪತ್ರ.