ಬೋರ್ಡು ಬಿಟ್ಟು ಕೆಲಸ ಎಣಿಸಿದೆ, ಲೆಕ್ಕ ಕೂಡಿತು

ದೇಶದ ಮಟ್ಟದಲ್ಲಿ ಎನ್‌ಎಚ್‌ಎಸ್‌ಆರ್‌ಸಿ (ಕೇಂದ್ರ ಆರೋಗ್ಯ ಇಲಾಖೆಯ ತಾಂತ್ರಿಕ ಸಂಸ್ಥೆ) 2013-14ರಿಂದ ಎಸ್‌ಎಚ್‌ಎ 2011 ಅನ್ನುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಆರೋಗ್ಯ ಲೆಕ್ಕ ಹಾಕುತ್ತಿದೆ. ಅದನ್ನೇ ನಮ್ಮ ಜಿಲ್ಲೆಗೆ ಇಳಿಸಿ, ಪ್ರಾಥಮಿಕ ಆರೋಗ್ಯಕ್ಕೆ ಸರ್ಕಾರದ ಹಣ ಎಷ್ಟು ಹೋಗುತ್ತದೆ ಅಂತ ನೋಡುತ್ತೇನೆ ಅಂದಾಗ ಜೊತೆಯವರು ನಂಬಲಿಲ್ಲ. ತಂಡ ಬೇಕು, ಸರ್ವೆ ಬೇಕು, ಒಬ್ಬನಿಂದ ಆಗಲ್ಲ ಅಂದರು. ಎರಡೂವರೆ ವರ್ಷ ಹಿಡಿಯಿತು. ಜೇಬಿನಿಂದ ಸುಮಾರು 40 ಸಾವಿರ ಹೋಯಿತು, ಬಹುಪಾಲು ಜೆರಾಕ್ಸಿಗೆ, ಬಸ್ಸಿಗೆ. ಆದರೆ ಕೇಂದ್ರವಾರು ಕೂಡಿಸಿದ ಮೊತ್ತಕ್ಕೂ ಖಜಾನೆಯ ಮೊತ್ತಕ್ಕೂ ಕೊನೆಗೆ ನೂರಕ್ಕೆ ಎರಡರಷ್ಟೂ ವ್ಯತ್ಯಾಸ ಉಳಿಯಲಿಲ್ಲ.

ಮೊದಲ ಸಲ ಬಜೆಟ್ಟಿನ ಲೆಕ್ಕ ಶೀರ್ಷಿಕೆಗಳಲ್ಲಿ ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯದ್ದಾದ 2210ರ ಗ್ರಾಮೀಣ ಆರೋಗ್ಯ ಸೇವೆಯನ್ನಷ್ಟೇ ಎತ್ತಿಕೊಂಡೆ. ಉಪಕೇಂದ್ರ, ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಎಲ್ಲ ಅಲ್ಲೇ ಇವೆ, ಸುಲಭ ಅಲ್ವಾ ಅಂದುಕೊಂಡೆ. ಕುಟುಂಬ ಕಲ್ಯಾಣದ 2211 ತಪ್ಪಿಹೋಯಿತು. ಎರಡನೇ ಸಲ ಬಂಡವಾಳ ಶೀರ್ಷಿಕೆ 4210ರ ಕಟ್ಟಡದ ಹಣವನ್ನೂ ಚಾಲ್ತಿ ಖರ್ಚಿಗೆ ಸೇರಿಸಿದೆ. ಮೂರನೆಯದು ತುಂಬಾ ನೋವು ಕೊಟ್ಟಿತು. ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಹಣ ಖಜಾನೆಯಿಂದ ಅದನ್ನು ನಡೆಸುವ ಆರೋಗ್ಯ ಸೊಸೈಟಿಗೆ ಸಹಾಯಾನುದಾನವಾಗಿ ಹೋಗುತ್ತದೆ. ಅದೇ ಹಣ ಸೊಸೈಟಿಯ ಹಣಕಾಸು ವರದಿ ಎಫ್‌ಎಂಆರ್‌ನಲ್ಲಿ ಮತ್ತೆ ಖರ್ಚಾಗಿ ಕಾಣುತ್ತದೆ. ಎರಡನ್ನೂ ಕೂಡಿಸಿಬಿಟ್ಟಿದ್ದೆ. ಎಂಟು ತಿಂಗಳ ಕೆಲಸ ನೀರಿಗೆ ಹೋಯಿತು.

ದಾರಿ ಸಿಕ್ಕಿದ್ದು ತಾಲ್ಲೂಕು ಆಸ್ಪತ್ರೆಯಲ್ಲಿ. ಬೋರ್ಡು ನೋಡಿದರೆ ಅದು ಎರಡನೇ ಹಂತ, ಅಂದರೆ ಪ್ರಾಥಮಿಕಕ್ಕಿಂತ ಮೇಲಿನದು. ಆದರೆ ಬೆಳಿಗ್ಗೆ ಒಪಿಡಿ ಚೀಟಿಗೆ ನಿಂತವರಲ್ಲಿ ಜಾಸ್ತಿ ಜನ ಬಂದದ್ದು ಜ್ವರ, ಕೆಮ್ಮು, ಬಿಪಿ ಮಾತ್ರೆಗೆ. ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಲೆಕ್ಕದಲ್ಲಿ ಸಾಮಾನ್ಯ ಹೊರರೋಗಿ ಚಿಕಿತ್ಸೆ ಎಲ್ಲಿ ನಡೆದರೂ ಪ್ರಾಥಮಿಕವೇ. ನಮ್ಮ ಊರುಗಳಿಗೆ ಇದೇ ಸರಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೂರು ಆಸ್ಪತ್ರೆಗಳ ರಿಜಿಸ್ಟರ್ ಕೂತು ಎಣಿಸಿದೆ. ಒಳರೋಗಿಯ ಒಂದು ದಿನಕ್ಕೆ ಎಷ್ಟು ಒಪಿಡಿ ಭೇಟಿ ಸಮ ಅಂತ ತೂಕ ಕಟ್ಟಿ ಖರ್ಚನ್ನು ಹಂಚಿದೆ. ಆ ತೂಕ ಹೇಗೆ ಕಟ್ಟಿದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇದರ ಉಲ್ಟಾ ಕೂಡ ಇದೆ. ಸಂಬಳ ಪಿಎಚ್‌ಸಿಯಲ್ಲಿ, ಕೆಲಸ ಮಾತ್ರ ನಿಯೋಜನೆ ಮೇಲೆ ಜಿಲ್ಲಾ ಆಸ್ಪತ್ರೆಯಲ್ಲಿ. ಅಂಥ ಒಂಬತ್ತೋ ಹತ್ತೋ ಜನರನ್ನು ಹುಡುಕಿ ತೆಗೆದೆ. ಹಾಜರಾತಿ ಕೇಳಿದ ಒಂದು ಕಚೇರಿ ನಾಲ್ಕು ಸಲ ಅಲೆಸಿ ಬೇರೆ ವರ್ಷದ್ದು ಕೊಟ್ಟಿತು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಹೊರಗೆ ಕೊಳ್ಳುವ ಔಷಧಿಯಲ್ಲಿ ನೂರಕ್ಕೆ 80 ಪ್ರಾಥಮಿಕ ಅಂತ ಡಬ್ಲ್ಯುಎಚ್‌ಒ ಹಿಡಿಯುತ್ತದಲ್ಲ, ಅದನ್ನು ಪರೀಕ್ಷಿಸೋಣ ಅಂತ ನಮ್ಮ ಬೀದಿಯ ಹನ್ನೊಂದು ಮನೆಗಳಿಂದ ಮೂರು ತಿಂಗಳು ಮೆಡಿಕಲ್ ಶಾಪ್ ಬಿಲ್ಲು ಕೂಡಿಟ್ಟೆ. ಒಂದು ಮನೆಯ ಕ್ಯಾನ್ಸರ್ ಮಾತ್ರೆಯ ಬಿಲ್ಲು ಉಳಿದ ಹತ್ತು ಮನೆಗಳದ್ದನ್ನು ಮೀರಿಸಿತು. ಇಷ್ಟು ಸಣ್ಣ ಲೆಕ್ಕದಿಂದ ಏನೂ ಹೇಳಲಾಗದು ಅಂತ 80ನ್ನು ಮುಟ್ಟದೆ ಬಿಟ್ಟೆ. ಆ ಮನೆಯವರ ಮುಖ ಮಾತ್ರ ಮರೆಯಲಾಗಿಲ್ಲ.

2017ರ ರಾಷ್ಟ್ರೀಯ ಆರೋಗ್ಯ ನೀತಿ ಆರೋಗ್ಯದ ಹಣದಲ್ಲಿ ಮೂರರಲ್ಲಿ ಎರಡು ಪಾಲು ಪ್ರಾಥಮಿಕಕ್ಕೆ ಹೋಗಬೇಕು ಅಂದಿತು. ಬೋರ್ಡು ನೋಡಿ ಎಣಿಸಿದರೆ ನಮ್ಮ ಜಿಲ್ಲೆ ಅರ್ಧದ ಹತ್ತಿರ. ಕೆಲಸ ನೋಡಿ ಎಣಿಸಿದರೆ ನೂರಕ್ಕೆ ಸುಮಾರು ಅರವತ್ತು. ಅಂದು ಆಗಲ್ಲ ಅಂದವರಲ್ಲಿ ಇಬ್ಬರು ಈಗ ನನ್ನ ಎಕ್ಸೆಲ್ ಶೀಟು ಇಸಿದುಕೊಂಡು ಹೋಗಿದ್ದಾರೆ.