ಕೆನಾಲ್ ನೀರು ನೋಡಿ ಮೊಣಕಾಲಿಗೆ ಸೂಜಿ

ನಾನು ಗಂಗಾವತಿ ಕಡೆಯ ಎಲುಬಿನ ಡಾಕ್ಟರ್. ಪಿಆರ್‌ಪಿ, ಅಂದರೆ ರೋಗಿಯದೇ ರಕ್ತದ ಪ್ಲೇಟ್‌ಲೆಟ್ ದಟ್ಟ ಮಾಡಿ ಕೀಲಿಗೆ ಹಾಕುವ ಸೂಜಿ, ಶುರು ಮಾಡಿದ ಮೊದಲ ವರ್ಷ, ಜುಲೈನಲ್ಲಿ ಒಬ್ಬ ಹೆಣ್ಣುಮಗಳು ಬಂದರು. ವಯಸ್ಸು 46, ನೋವು ಬಲ ಮೊಣಕಾಲಲ್ಲಿ. ಎಕ್ಸ್‌ರೇಯಲ್ಲಿ ಸವೆತ ನಾಲ್ಕರಲ್ಲಿ ಎರಡನೇ ಹಂತದಲ್ಲಿತ್ತು, ಕಾಲು ಇನ್ನೂ ಸೊಟ್ಟ ಆಗಿರಲಿಲ್ಲ. ಈ ಚಿಕಿತ್ಸೆಗೆ ಹೇಳಿ ಮಾಡಿಸಿದಂಥ ಕಾಲು ಅಂದುಕೊಂಡೆ. ಸೂಜಿ ಹಾಕಿದೆ. ಮೂರು ವಾರ ಕುಕ್ಕರಗಾಲಲ್ಲಿ ಕೂರಬೇಡಿ, ಕೆಸರಿಗೆ ಇಳಿಯಬೇಡಿ ಅಂದೆ. ತಲೆ ಆಡಿಸಿ ಹೋದರು.

ಹನ್ನೊಂದನೇ ದಿನ ಮತ್ತೆ ಬಂದಾಗ ಕಾಲು ಕುಂಬಳಕಾಯಿಯಂತೆ ಊದಿತ್ತು. "ಏನ್ ಮಾಡ್ಲಿ ಸಾಹೇಬ್ರ, ಕೆನಾಲಿಗೆ ನೀರು ಬಿಟ್ರು. ನಾಟಿ ಹಚ್ಚಾಕ ಹೋಗ್ಲಿಲ್ಲಂದ್ರ ಗುಂಪಿನ್ಯಾಗ ನನ್ನ ಜಾಗಕ್ಕ ಬ್ಯಾರೆಯಾಕಿ ಬರ್ತಾಳ್ರಿ." ನಾಟಿ ಇಲ್ಲಿ ಎಕರೆ ಲೆಕ್ಕದ ಗುತ್ತಿಗೆ ಕೆಲಸ. ಒಬ್ಬರು ತಪ್ಪಿಸಿದರೆ ಗುಂಪಿಗೇ ಹೊಡೆತ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಎಕ್ಸ್‌ರೇ ನೋಡಿದ ನಾನು ಕ್ಯಾಲೆಂಡರ್ ನೋಡಿರಲಿಲ್ಲ, ಅಷ್ಟೇ.

ಬಯಾಲಜಿಕ್ ಚಿಕಿತ್ಸೆ ಅಂತ ಇದಕ್ಕೆ ದೊಡ್ಡ ಹೆಸರು. ರೋಗಿಯ ಮೈಯಿಂದಲೇ ರಕ್ತವನ್ನೋ ಎಲುಬಿನೊಳಗಿನ ಮಜ್ಜೆಯನ್ನೋ ತೆಗೆದು, ಅದರಲ್ಲಿ ಬೇಕಾದ ಅಂಶವನ್ನು ದಟ್ಟ ಮಾಡಿ, ಪೆಟ್ಟಾದ ಜಾಗಕ್ಕೆ ಹಾಕುವುದು. ನಮ್ಮ ಜನ "ಮೊಣಕಾಲಿನ ಗ್ರೀಸ್ ಒಣಗೇತ್ರಿ" ಅನ್ನುತ್ತಾರೆ. ನಾನು ಗಾದಿ ಅನ್ನುತ್ತೇನೆ. ಎರಡು ಎಲುಬಿನ ತುದಿಗೆ ಹೊದಿಸಿದ ಕೆಲವೇ ಮಿಲಿಮೀಟರ್ ದಪ್ಪದ ಗಾದಿ ಅದು, ಮೃದ್ವಸ್ಥಿ. ಅದಕ್ಕೆ ರಕ್ತನಾಳ ಇಲ್ಲ. ಕೈ ಕೊಯ್ದರೆ ರಕ್ತ ಬಂದು, ಹೆಪ್ಪುಗಟ್ಟಿ, ಗಾಯ ಮಾಯುತ್ತದೆ. ಗಾದಿ ಹರಿದರೆ ಆ ಕೆಲಸ ಶುರುವಾಗುವುದೇ ಇಲ್ಲ. ಒಮ್ಮೆ ಹಾಳಾದ ಮೃದ್ವಸ್ಥಿ ಮತ್ತೆ ಬೆಳೆಯುವುದಿಲ್ಲ ಅಂತ ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದ. ಹಾಗಾಗಿ ಗಾಯ ಮಾಯಿಸುವ ರಕ್ತದ ಕಣಗಳಾದ ಪ್ಲೇಟ್‌ಲೆಟ್‌ಗಳನ್ನು ನಾವೇ ಒಯ್ದು ಕೀಲಿನೊಳಗೆ ಬಿಡುತ್ತೇವೆ.

ಕೇಳಲು ಸುಲಭ. ನಾನು ಮೊದಲು ಎಡವಿದ್ದು ರಕ್ತ ತಿರುಗಿಸುವ ಮಷಿನ್ ಹತ್ತಿರ. ಬೇರೆ ಕಡೆ ನೋಡಿ ಬಂದ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದು) ಅನ್ನೇ ನಮ್ಮ ಮಷಿನ್ನಿಗೂ, ಅಂದರೆ ಸೆಂಟ್ರಿಫ್ಯೂಜ್‌ಗೂ ಇಟ್ಟೆ. ಅವರ ಮಷಿನ್ನಿನ ತೋಳು ಉದ್ದ, ನಮ್ಮದು ಗಿಡ್ಡ. ತೋಳು ಗಿಡ್ಡ ಆದರೆ ಅದೇ ವೇಗದಲ್ಲಿ ಸಿಗುವ ಸೆಳೆತ ಕಡಿಮೆ. ಹೀಗೆ ಎಷ್ಟು ಜನಕ್ಕೆ ಬರೀ ಹಳದಿ ನೀರು ಚುಚ್ಚಿದೆನೋ! ಒಂದು ದಿನ ಲ್ಯಾಬ್ ಹುಡುಗನೇ ಕೇಳಿದ, "ಸರ್, ಇದನ್ನೊಮ್ಮೆ ಕೌಂಟರ್‌ಗೆ ಹಾಕೋಣ್ರಿ?" ರಕ್ತದ ಕಣ ಎಣಿಸುವ ಮಷಿನ್ ಅದು. ಹಾಕಿದೆವು. ಪ್ಲೇಟ್‌ಲೆಟ್ ರಕ್ತದಲ್ಲಿ 2.1 ಲಕ್ಷ, ನಮ್ಮ ಪಿಆರ್‌ಪಿಯಲ್ಲಿ 2.4 ಲಕ್ಷ! ಮೂರ್ನಾಲ್ಕು ಪಟ್ಟಾದರೂ ಇರಬೇಕಿತ್ತು. ಆಮೇಲೆ ಸೆಳೆತದ ಲೆಕ್ಕ ಹಾಕಿ ವೇಗ ಬದಲಿಸಿದೆವು. ಮೊದಲು ಮೆಲ್ಲಗೆ ತಿರುಗಿಸಿ ಕೆಂಪು ಕಣ ಬೇರೆ ಮಾಡುವುದು, ಎರಡನೇ ಸಲ ಜೋರಾಗಿ ತಿರುಗಿಸಿ ಪ್ಲೇಟ್‌ಲೆಟ್ ತಳಕ್ಕೆ ಕೂರಿಸುವುದು. 30 ಮಿಲಿ ರಕ್ತದಿಂದ 4 ಮಿಲಿ ಸಿಗುತ್ತದೆ. ಈಗ ಪ್ರತಿ ಬ್ಯಾಚಿನಿಂದ ಒಂದು ಹನಿ ಕೌಂಟರ್‌ಗೆ ಹೋಗಲೇಬೇಕು. ಆ ಹುಡುಗನಿಗೆ ನಾನು ಇನ್ನೂ ಒಂದು ಊಟ ಬಾಕಿ ಇದ್ದೇನೆ.

ಸೂಜಿ ಹಾಕುವ ಕೆಲಸ ಹತ್ತು ನಿಮಿಷದ್ದು. ನೀರು ತುಂಬಿದ್ದರೆ ಮೊದಲು ತೆಗೆದು, ಚಿಪ್ಪಿನ ಮೇಲ್ಬದಿ ಹೊರಮಗ್ಗುಲಿನಿಂದ ಹಾಕುತ್ತೇನೆ. ಕಷ್ಟ ಇರುವುದು ಅದರ ಹಿಂದಿನ ವಾರದಲ್ಲಿ. ಡೈಕ್ಲೋಫಿನ್ಯಾಕ್‌ನಂಥ ನೋವಿನ ಗುಳಿಗೆ ಬಿಡಬೇಕು, ಅವು ಪ್ಲೇಟ್‌ಲೆಟ್ ಕೆಲಸಕ್ಕೇ ಅಡ್ಡ ಬರುತ್ತವೆ. ನಮ್ಮ ಕಡೆ ಅವನ್ನು ಶೇಂಗಾ ತಿಂದಂತೆ ತಿನ್ನುತ್ತಾರೆ. "ನಾ ಗುಳಿಗಿ ತಗೊಳ್ಳಂಗೇ ಇಲ್ರಿ" ಅಂದವರ ಚೀಲದಲ್ಲೇ ಅರ್ಧ ಖಾಲಿಯಾದ ಸ್ಟ್ರಿಪ್ ಸಿಕ್ಕಿದ್ದಿದೆ. ಈಗ ಚೀಲ ತೋರಿಸಿ ಅಂತಲೇ ಕೇಳುತ್ತೇನೆ. ಬೇಕಾದರೆ ಪ್ಯಾರಾಸಿಟಮಾಲ್ ಸಾಕು.

ಇನ್ನು ಕ್ಯಾಲೆಂಡರ್. ಹೊಲದಲ್ಲಿ ದುಡಿಯುವವರಿಗೆ ಈಗ ನಾನು ಏಪ್ರಿಲ್, ಮೇ ಕೊಡುತ್ತೇನೆ. ಎರಡನೇ ಬೆಳೆ ಕೊಯ್ಲಾಗಿ ಕೆನಾಲ್ ಬತ್ತಿರುತ್ತದೆ, ಯಾರೂ ಕರೆಯುವುದಿಲ್ಲ. ಆದರೆ ಅದೇ ಹೊತ್ತಿಗೆ ನಮ್ಮ ಬಿಸಿಲು 40 ಡಿಗ್ರಿ ದಾಟಿರುತ್ತದೆ. ರಕ್ತನಿಧಿಗಳಲ್ಲಿ ಪ್ಲೇಟ್‌ಲೆಟ್ ಇಡುವುದು 20ರಿಂದ 24 ಡಿಗ್ರಿಯಲ್ಲಿ. ಬಿಡುವು ಇರುವಾಗ ಬಿಸಿಲು, ತಂಪು ಇರುವಾಗ ನಾಟಿ! ಹಾಗಾಗಿ ಬೆಳಿಗ್ಗೆ ಏಳಕ್ಕೇ ಕರೆಯುತ್ತೇನೆ. ಎಸಿಗೂ ಸೆಂಟ್ರಿಫ್ಯೂಜ್‌ಗೂ ಜನರೇಟರ್ ಲೈನ್ ಎಳೆಸಿದ್ದೇನೆ. ರಕ್ತ ತೆಗೆದ ಒಂದು ಗಂಟೆಯೊಳಗೆ ಕಾಲಿಗೆ ಹೋಗಿರಬೇಕು.

2021ರಲ್ಲಿ ಆಸ್ಟ್ರೇಲಿಯಾದವರ ಅಧ್ಯಯನ ಓದಿ ಎರಡು ತಿಂಗಳು ಸುಮ್ನೆ ಕೂತಿದ್ದೆ. ಸಣ್ಣ, ಮಧ್ಯಮ ಸವೆತ ಇದ್ದ 288 ಜನರಲ್ಲಿ ಕೆಲವರಿಗೆ ಪಿಆರ್‌ಪಿ, ಉಳಿದವರಿಗೆ ಉಪ್ಪುನೀರು. ವರ್ಷದ ನಂತರ ನೋವಿನಲ್ಲಾಗಲಿ ಮೃದ್ವಸ್ಥಿಯ ಪ್ರಮಾಣದಲ್ಲಾಗಲಿ ಹೇಳುವಂಥ ವ್ಯತ್ಯಾಸ ಇರಲಿಲ್ಲ. ಒಳ್ಳೆಯ ಫಲಿತಾಂಶ ಬಂದ ಅಧ್ಯಯನಗಳೂ ಇವೆ. ಆದರೂ ಅಂದಿನಿಂದ ನನ್ನ ಮಾತು ಬದಲಾಯಿತು. "ಗಾದಿ ಹೊಸದಾಗಿ ಬೆಳೆಯುತ್ತೆ" ಅಂತ ಯಾರಿಗೂ ಹೇಳುವುದಿಲ್ಲ. ನೋವು ಕೆಲ ತಿಂಗಳು ಇಳಿಯಬಹುದು, ಇಳಿಯದೆಯೂ ಇರಬಹುದು ಅನ್ನುತ್ತೇನೆ. ಮೊದಲು ಮೂರು ತಿಂಗಳು ತೊಡೆಯ ವ್ಯಾಯಾಮ ಮಾಡಿಸುತ್ತೇನೆ, ಅರ್ಧ ಜನಕ್ಕೆ ಸೂಜಿಯೇ ಬೇಕಾಗುವುದಿಲ್ಲ. ನಾಲ್ಕನೇ ಹಂತದ ಸೊಟ್ಟ ಕಾಲಿಗೆ ಹಾಕುವುದೇ ಇಲ್ಲ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ನೀರಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಿಂದ ಬೆನ್ನು, ಕುತ್ತಿಗೆ, ಮೊಣಕಾಲು ಎಲ್ಲ ಬಿಗಿದು ಬರುವವರಿಗೂ ಇಲ್ಲ. ಅವರಿಗೆ ಮೊದಲು ಬೇಕಾದ್ದು ಬೇರೆ ಕುಡಿಯುವ ನೀರು.

ಕಬಡ್ಡಿ ಆಡಿ ಗಾದಿಯಲ್ಲಿ ನಾಣ್ಯದಷ್ಟು ಕುಳಿ ಮಾಡಿಕೊಂಡ ಒಬ್ಬ ಕಾಲೇಜು ಹುಡುಗನಿಗೆ ಕುಳಿಯ ತಳದ ಎಲುಬಿಗೆ ಸಣ್ಣ ತೂತು ಹಾಕಿ ಮಜ್ಜೆ ಜಿನುಗುವಂತೆ ಮಾಡಿದೆ. ಅಲ್ಲಿ ತುಂಬುವುದು ಅಸಲಿ ಗಾದಿಯಲ್ಲ, ಗಾಯದ ಕಲೆಯಂಥ ಗಟ್ಟಿ ನಾರು. ಆರು ವಾರ ಊರುಗೋಲಲ್ಲಿ ಓಡಾಡಿದ. ಮೂರು ವಾರ ಕೆಲಸ ಬಿಟ್ಟು ಕೂರಲಾಗದ ಆ ಹೆಣ್ಣುಮಗಳು ನೆನಪಾದರು.

ನನಗೆ ಹೆಚ್ಚು ನಂಬಿಕೆ ಇರುವುದು ಎಲುಬಿನ ಕೆಲಸದಲ್ಲಿ. ಬೈಕಿನಿಂದ ಬಿದ್ದು ಮೊಣಕಾಲ ಕೆಳಗಿನ ಎಲುಬು ಏಳು ತಿಂಗಳಾದರೂ ಕೂಡದ ಒಬ್ಬ ಯುವಕ ಬಂದಿದ್ದ. ಒಳಗಿನ ರಾಡ್ ಭದ್ರ, ಕೀವು ಇರಲಿಲ್ಲ. ಫ್ರಾನ್ಸಿನ ಎಲುಬಿನ ಡಾಕ್ಟರ್ ಹೆರ್ನಿಗೌ 2005ರಲ್ಲಿ ಇಂಥ 60 ಕಾಲುಗಳಿಗೆ ಮಜ್ಜೆ ಹಾಕಿ 53 ಕೂಡಿದ್ದನ್ನು ವರದಿ ಮಾಡಿದ್ದಾರೆ. ಸೊಂಟದ ಎಲುಬಿನಿಂದ ಮಜ್ಜೆ ತೆಗೆಯುವಾಗ ಆಸೆಪಟ್ಟು ಒಂದೇ ಕಡೆ ಎಳೆಯಬಾರದು, ಬರೀ ರಕ್ತ ಬರುತ್ತದೆ. ಒಂದೊಂದು ಕಡೆ ಎರಡು ಮಿಲಿ ತೆಗೆದು ಸೂಜಿ ಸರಿಸುತ್ತಾ ಹೋದೆ, ಆ ಮಜ್ಜೆಯನ್ನು ಕೂಡದ ಜಾಗಕ್ಕೆ ಹಾಕಿದೆ. "ಗುಟ್ಕಾ ಬಿಟ್ಟರೆ ಮಾತ್ರ ಮಾಡ್ತೀನಪ್ಪ" ಅಂದಿದ್ದೆ. ಬಿಟ್ಟನೋ ಇಲ್ಲವೋ, ಅವನ ಹೆಂಡತಿ ಹೌದು ಅಂದರು. ಐದನೇ ತಿಂಗಳ ಎಕ್ಸ್‌ರೇಯಲ್ಲಿ ಬಿರುಕು ಮುಚ್ಚಿತ್ತು.

ಮೊದಲು ಹೇಳಿದ ಹೆಣ್ಣುಮಗಳಿಗೆ ಮರುವರ್ಷ ಏಪ್ರಿಲ್‌ನಲ್ಲಿ ಫೀಸು ತೆಗೆದುಕೊಳ್ಳದೆ ಮತ್ತೆ ಹಾಕಿದೆ. ಆ ಸಲ ಒಂದು ನಾಟಿ ದಾಟಿಸಿದರು. ಈ ವರ್ಷ ಎರಡನೇ ಬೆಳೆಗೂ ನೀರು ಬಿಟ್ಟಿದ್ದಾರೆ. ಪಟ್ಟಿಯಲ್ಲಿರುವ ಆರು ಜನರನ್ನು ಏಪ್ರಿಲ್ ಕೊನೆಗೆ ಹಾಕಿದ್ದೇನೆ. ಎಸಿ ರಿಪೇರಿಯವನಿಗೆ ಮಾರ್ಚ್‌ನಲ್ಲೇ ಬಾ ಅಂತ ಹೇಳಿಟ್ಟಿದ್ದೇನೆ.